ಶಬ್ದಗಳ ಬಹುವಚನವೂ ಒಂದು ಸಣ್ಣ ಗುರುತೂ

ನಿನ್ನ ಪ್ರಬಂಧದಲ್ಲಿ 'ಆದರೆ'ಗಳು ಹೆಚ್ಚಾಗಿವೆ ಎಂದು ಕನ್ನಡದಲ್ಲಿ ಹೇಳುವುದಕ್ಕೆ ಯಾವ ತೊಡಕೂ ಇಲ್ಲ. 'ಆದರೆ' ಎಂಬುದು ಅವ್ಯಯವೇ ಸರಿ. ಆದಾಗ್ಯೂ ಅದನ್ನು ಬರಿಯ ಶಬ್ದವೆಂದು ಎತ್ತಿಕೊಂಡೊಡನೆ ಅದು ನಾಮಪದದ ಸ್ಥಾನವನ್ನು ಪಡೆದು 'ಗಳು' ಪ್ರತ್ಯಯವನ್ನು ಧರಿಸುತ್ತದೆ. ಇದೇ ಮಾತನ್ನು ಇಂಗ್ಲಿಷಿನಲ್ಲಿ ಬರೆಯಹೊರಟ ವಿದ್ಯಾರ್ಥಿನಿಯ ಲೇಖನಿಯಾದರೋ ನಿಂತುಬಿಡುತ್ತದೆ. 'ಬಟ್' ಎಂಬುದರ ಮುಂದೆ ಎಸ್ ಅಕ್ಷರವನ್ನು ನೇರವಾಗಿ ಸೇರಿಸಬೇಕೋ, ನಡುವೆ ಅಪಾಸ್ಟ್ರಫಿ ಎಂಬ ಮೇಲ್ಗುರುತನ್ನು ಇಡಬೇಕೋ?

ಈ ಗುರುತು 16ನೆಯ ಶತಮಾನದಲ್ಲಿ ಫ್ರೆಂಚಿನಿಂದ ಇಂಗ್ಲಿಷಿಗೆ ಬಂದದ್ದು. ಅಕ್ಷರಲೋಪವನ್ನು ಸೂಚಿಸುವುದೇ ಅದರ ಮೊದಲ ಕೆಲಸವಾಗಿತ್ತು. ಷಷ್ಠೀವಿಭಕ್ತಿಯ ಕೆಲಸವು ಬರಬರುತ್ತಾ ಸೇರಿಕೊಂಡಿತು. ಸ್ವರಾಂತವಾದ ಪರಭಾಷಾಪದಗಳ ಬಹುವಚನಕ್ಕೂ ಇದನ್ನು ಹಿಂದಿನ ಮುದ್ರಕರು ಹಾಕುತ್ತಿದ್ದುದುಂಟು. ಆದಕಾರಣ ಬಹುವಚನದಲ್ಲಿ ಇದನ್ನು ಕಂಡೊಡನೆ ನಗುವವರು ಸ್ವಲ್ಪ ತಡೆಯುವುದು ಲೇಸು.

ಅಮೆರಿಕದ ಶಿಕಾಗೋ ಕೈಪಿಡಿಯು ಇಂಥ ಶಬ್ದಗಳಿಗೆ ಈ ಗುರುತು ಬೇಡವೆನ್ನುತ್ತದೆ. 'ಇಫ್', 'ಬಟ್' ಇವುಗಳಿಗೆ ಎಸ್ ಮಾತ್ರ ಸಾಕು. 'ಯೆಸ್' ಎಂಬುದಕ್ಕೆ ಇ ಮತ್ತು ಎಸ್. 'ಡೋಂಟ್' ಎಂಬುದರಲ್ಲಿ ಲೋಪವಾದ ಓಕಾರಕ್ಕಾಗಿ ಒಂದು ಗುರುತು ಆಗಲೇ ಇದೆ. ಅದರ ಬೆನ್ನಿಗೇ ಇನ್ನೊಂದನ್ನಿಟ್ಟರೆ ಕಣ್ಣಿಗೆ ಹಿತವಲ್ಲ. ಆದರೂ ಲಿನ್ ಟ್ರಸ್ ಎಂಬ ಆಂಗ್ಲ ಲೇಖಕಿಯು 2003ರಲ್ಲಿ ಪ್ರಕಟಿಸಿದ ವಿರಾಮಚಿಹ್ನೆಗಳ ಪುಸ್ತಕದಲ್ಲಿ 'ಡೂ', 'ಡೋಂಟ್' ಎರಡಕ್ಕೂ ಬಹುವಚನದ ಗುರುತನ್ನು ಇಟ್ಟಿದ್ದಾರೆ. ಮತ್ತನೇಕರು ಮೊದಲನೆಯದಕ್ಕೆ ಮಾತ್ರ ಇಡುತ್ತಾರೆ. ಇದಕ್ಕೂ ಕಾರಣವಿಲ್ಲದಿಲ್ಲ: ಡಿ, ಓ, ಎಸ್ ಎಂಬ ಮೂರಕ್ಷರಗಳು ಒತ್ತಿ ನಿಂತರೆ ಓದುವವಳು 'ಡಾಸ್' ಎಂದೋದಿ ಮುಗ್ಗರಿಸುವಳು.

ಚಿಕ್ಕಕ್ಷರಗಳ ವಿಷಯದಲ್ಲಿ ಈ ಗುರುತು ನಿಜವಾಗಿ ಉಪಕಾರಿ. ಐ ಎಂಬ ಅಕ್ಷರದ ಬಹುವಚನಕ್ಕೆ ಅದನ್ನು ಬಿಟ್ಟರೆ 'ಈಸ್' ಎಂಬ ಕ್ರಿಯಾಪದವೂ, ಎ ಎಂಬುದಕ್ಕೆ ಬಿಟ್ಟರೆ 'ಆಸ್' ಎಂಬ ಪದವೂ ಹುಟ್ಟುತ್ತದೆ. ಇಲ್ಲಿ ಶಿಕಾಗೋದವರೂ ಗುರುತನ್ನು ಒಪ್ಪುತ್ತಾರೆ.

ಅಚ್ಚಿನಲ್ಲಿ ಮತ್ತೊಂದು ಉಪಾಯವುಂಟು. ಶಬ್ದವನ್ನು ಓರೆಯಕ್ಷರದಲ್ಲಿಯೂ ಎಸ್ ಒಂದನ್ನು ನೆಟ್ಟಗೂ ಅಚ್ಚಿಸುವರು. ಕೈಬರಹದಲ್ಲಿ ಶಬ್ದದ ಕೆಳಗೆ ಗೆರೆಯೆಳೆದು ಎಸ್ ಕೆಳಗೆ ಎಳೆಯದಿದ್ದರಾಯಿತು. ನಮ್ಮ ಹುಡುಗಿಯರಿಗೆ ನಾನು ಹೇಳಿಕೊಡುವುದು ಇದನ್ನೇ.

ಪ್ರಮಾಣಗ್ರಂಥಗಳೇ ಭಿನ್ನಿಸುವ ಸ್ಥಳದಲ್ಲಿ ಕೆಂಪು ಶಾಯಿಯಿಂದ ಗೀಚಿ ಅಂಕ ಕಳೆಯುವುದು ನ್ಯಾಯವಲ್ಲವೆಂದು ನನ್ನ ಅಭಿಪ್ರಾಯ. ಹಾಗೆ ಅಂಕ ಕಳೆದುಕೊಂಡವಳು ಮುಂದೆ ತಿಳಿದದ್ದನ್ನೂ ಬರೆಯಲಂಜುವಳು. ಒಂದೇ ಉತ್ತರಪತ್ರಿಕೆಯಲ್ಲಿ ಎರಡು ರೀತಿಯಾಗಿ ಬರೆದರೆ ಮಾತ್ರ ಪರೀಕ್ಷಕರ ಲೇಖನಿಯನ್ನು ತಡೆಯಲಾರೆ. ಈ ಸಡಿಲವು 'ಬುಕ್', 'ಗರ್ಲ್' ಮುಂತಾದ ಸಾಮಾನ್ಯ ನಾಮಪದಗಳ ಬಹುವಚನಕ್ಕೆ ಸಲ್ಲತಕ್ಕದ್ದಲ್ಲ. 'ಗರ್ಲ್ಸ್ ಹೈಸ್ಕೂಲ್' ಎಂದು ಬರೆಯುವಲ್ಲಿ ಗುರುತು ಎಸ್ ಅಕ್ಷರದ ಆಚೆಗೆ ಬರುವುದು ಷಷ್ಠಿಗಾಗಿ, ಬಹುವಚನಕ್ಕಲ್ಲ. ಈಚೆಗೆ ಇಟ್ಟರೆ ಇಡೀ ಶಾಲೆ ಒಬ್ಬಳೇ ಹುಡುಗಿಯದಾಗುತ್ತದೆ.