ಕೋಟೆಯ ಊರನ್ನು ನೋಡುವ ಬಗೆ

ತುಮಕೂರು ಸೀಮೆಯವರಿಗೆ ಕೋಟೆ ಹೊಸದಲ್ಲ. ಮಧುಗಿರಿ, ಪಾವಗಡ, ಹುಲಿಯೂರುದುರ್ಗ ಮೊದಲಾದ ಹೆಸರುಗಳನ್ನು ಕೇಳಿದೊಡನೆ ಬೆಟ್ಟದ ನೆತ್ತಿಯ ಮೇಲೆ ಸುತ್ತಿಕೊಂಡಿರುವ ಕಲ್ಲಿನ ಗೋಡೆ ನಮ್ಮ ಕಣ್ಣಿಗೆ ಕಟ್ಟುತ್ತದೆ. ಇವೆಲ್ಲ ಗಿರಿದುರ್ಗಗಳು. ಇಲ್ಲಿ ಕೋಟೆ ಬೆಟ್ಟದ ಮೇಲಿದ್ದರೆ ಊರು ಬುಡದಲ್ಲಿರುತ್ತದೆ. ಬೆಟ್ಟ ಹತ್ತಿ ಕೋಟೆ ನೋಡಿ ಇಳಿದುಬಂದರೆ ಪ್ರವಾಸ ಮುಗಿಯಿತು. ಆದರೆ ಇನ್ನೊಂದು ಬಗೆಯ ಕೋಟೆಯುಂಟು. ಅದು ಊರನ್ನೇ ತನ್ನ ಒಡಲಲ್ಲಿಟ್ಟುಕೊಂಡ ಕೋಟೆ. ಅದರ ಗೋಡೆಯ ಒಳಗೆ ಗುಡಿಯಿದೆ, ಮಸೀದಿಯಿದೆ, ಬೀದಿಯಿದೆ, ಮನೆಯಿದೆ, ಅಂಗಡಿಯಿದೆ. ಅರಸರು ಹೋದರೂ ಜನ ಹೋಗಲಿಲ್ಲ. ಇಂತಹ ಊರಿಗೆ ಕನ್ನಡ ನಾಡಿನಲ್ಲಿ ಒಳ್ಳೆಯ ನಿದರ್ಶನವೆಂದರೆ ಶ್ರೀರಂಗಪಟ್ಟಣ.

ಜಗತ್ತಿನಲ್ಲಿ ಇಂತಹ ಊರುಗಳು ಹಲವು. ಫ್ರಾನ್ಸ್ ದೇಶದ ದಕ್ಷಿಣದಲ್ಲಿರುವ ಕಾರ್ಕಸೋನ್ ಎಂಬ ಊರಿಗೆ ಎರಡು ಸುತ್ತಿನ ಗೋಡೆಯೂ 52 ಬುರುಜುಗಳೂ ಇವೆ. ಅಲ್ಲಿಗೆ ಹೋದವರು ತಮ್ಮ ವಾಹನವನ್ನು ಕೋಟೆಯ ಹೊರಗೆ ನಿಲ್ಲಿಸಿ, ಬಾಗಿಲಿನ ಮೂಲಕ ನಡೆದೇ ಒಳಗೆ ಹೋಗುತ್ತಾರೆ. ಕೋಟೆಯ ಊರನ್ನು ಕಟ್ಟಿದವರು ಕಾಲುನಡಿಗೆಯವರನ್ನೂ ಕುದುರೆ ಸವಾರರನ್ನೂ ಮನಸ್ಸಿನಲ್ಲಿಟ್ಟುಕೊಂಡು ಕಟ್ಟಿದರು. ಆದುದರಿಂದ ಅದನ್ನು ತಿಳಿಯಲು ಕಾಲೇ ತಕ್ಕ ವಾಹನ. ಶ್ರೀರಂಗಪಟ್ಟಣಕ್ಕೂ ಈ ಮಾತು ಸಲ್ಲುತ್ತದೆ.

ಕಾವೇರಿ ನದಿ ಇಲ್ಲಿ ಎರಡಾಗಿ ಕವಲೊಡೆದು, ಸುಮಾರು ಐದು ಕಿಲೋಮೀಟರ್ ಉದ್ದದ ಒಂದು ದ್ವೀಪವನ್ನು ನಿರ್ಮಿಸಿ, ಮತ್ತೆ ಒಂದಾಗುತ್ತದೆ. ದ್ವೀಪದ ಪಶ್ಚಿಮದ ತುದಿಯಲ್ಲಿ ಕೋಟೆಯಿದೆ. ಗಂಗರ ಸಾಮಂತನಾದ ತಿರುಮಲಯ್ಯನು ಕ್ರಿ.ಶ. 894ರಲ್ಲಿ ಇಲ್ಲಿ ರಂಗನಾಥನ ಗುಡಿಯನ್ನು ಕಟ್ಟಿಸಿದನೆಂದು ಹೇಳುತ್ತಾರೆ. ವಿಜಯನಗರದ ಕಾಲದಲ್ಲಿ, 1454ರಲ್ಲಿ, ನಾಗಮಂಗಲದ ತಿಮ್ಮಣ್ಣ ಹೆಬ್ಬಾರನು ಕೋಟೆಯನ್ನು ಕಟ್ಟಿಸಿದನು. 1610ರಲ್ಲಿ ರಾಜ ಒಡೆಯರು ಇದನ್ನು ವಿಜಯನಗರದ ಪ್ರತಿನಿಧಿಯಿಂದ ವಶಪಡಿಸಿಕೊಂಡರು. ಅಂದಿನಿಂದ 1799ರವರೆಗೆ ಶ್ರೀರಂಗಪಟ್ಟಣವು ಮೈಸೂರು ರಾಜ್ಯದ ರಾಜಧಾನಿಯಾಗಿತ್ತು. ಹೈದರಾಲಿ ಮತ್ತು ಟಿಪ್ಪು ಸುಲ್ತಾನರು ಕೋಟೆಯನ್ನು ಬಲಪಡಿಸಿದರು. ಅವರ ಸೈನ್ಯದಲ್ಲಿ ಫ್ರೆಂಚರೂ ಇದ್ದರು. ನದಿಯ ಉತ್ತರಕ್ಕಿರುವ ಹಿರೋಡೆಗೆ, ಅಂದರೆ ಈಗಿನ ಪಾಂಡವಪುರಕ್ಕೆ, ಫ್ರೆಂಚ್ ರಾಕ್ಸ್ ಎಂಬ ಹೆಸರು ಬಹುಕಾಲ ಉಳಿದಿತ್ತು. ಫ್ರೆಂಚ್ ದಂಡು ಅಲ್ಲಿ ಬೀಡುಬಿಟ್ಟಿದ್ದುದೇ ಇದಕ್ಕೆ ಕಾರಣ.

ತುಮಕೂರಿನಿಂದ ಹೊರಡುವವರಿಗೆ ಕುಣಿಗಲ್ ಮಾರ್ಗವೇ ನೇರವಾದುದು. ಗುಬ್ಬಿಯ ಕಡೆಯವರು ತುಮಕೂರಿಗೆ ಬಂದು ಈ ದಾರಿಯನ್ನೇ ಹಿಡಿಯಬಹುದು. ಕುಣಿಗಲ್, ಹುಲಿಯೂರುದುರ್ಗ, ಮದ್ದೂರು, ಮಂಡ್ಯಗಳನ್ನು ಹಾದು ಸುಮಾರು 130 ಕಿಲೋಮೀಟರ್ ಪ್ರಯಾಣ ಮಾಡಬೇಕು. ಈ ದಾರಿಯಲ್ಲಿಯೇ ಪಾಠ ಆರಂಭವಾಗುತ್ತದೆ. ಕುಣಿಗಲಿನ ಕುದುರೆ ಫಾರಂ ಟಿಪ್ಪುವಿನ ಕಾಲದ್ದು. ಶ್ರೀರಂಗಪಟ್ಟಣದ ಸೈನ್ಯಕ್ಕೆ ಬೇಕಾದ ಕುದುರೆಗಳನ್ನು ಇಲ್ಲಿ ಸಾಕಿ ಬೆಳೆಸುತ್ತಿದ್ದರು. ರಾಜಧಾನಿ ಎಂಬುದು ತನ್ನ ಗೋಡೆಯೊಳಗೆ ಮಾತ್ರ ಇರುವುದಿಲ್ಲ. ಅದಕ್ಕೆ ಹುಲ್ಲು, ಕಾಳು, ಕುದುರೆ, ಆಳು ಒದಗಿಸುವ ಸೀಮೆಯೆಲ್ಲ ಅದಕ್ಕೆ ಸೇರಿದ್ದೇ ಎಂಬುದು ಇದರಿಂದ ತಿಳಿಯುತ್ತದೆ.

ಮದ್ದೂರಿನಿಂದ ಮುಂದೆ ಒಂದು ಎಚ್ಚರಿಕೆ ಅಗತ್ಯ. 2023ರಲ್ಲಿ ಉದ್ಘಾಟನೆಯಾದ ಬೆಂಗಳೂರು–ಮೈಸೂರು ಹೊಸ ಹೆದ್ದಾರಿಯು ಊರುಗಳನ್ನು ಬಳಸಿ ಹೋಗುತ್ತದೆ. ಅದರಲ್ಲೇ ಸಾಗಿದವರು ಶ್ರೀರಂಗಪಟ್ಟಣವನ್ನು ನೋಡದೆಯೇ ದಾಟಿಬಿಡುವ ಸಂಭವವಿದೆ. ಆದುದರಿಂದ ಮುಂಚಿತವಾಗಿಯೇ ಹಳೆಯ ರಸ್ತೆಗೆ ಇಳಿದುಕೊಳ್ಳಬೇಕು. ರೈಲಿನಲ್ಲಿ ಬರುವವರು ಬೆಂಗಳೂರಿನಲ್ಲಿ ಇಳಿದು ಮೈಸೂರಿನ ಗಾಡಿ ಹತ್ತಬಹುದು. ಶ್ರೀರಂಗಪಟ್ಟಣದ ನಿಲ್ದಾಣವು ರಂಗನಾಥನ ಗುಡಿಗೆ ಹತ್ತಿರದಲ್ಲಿದೆ.

ಮುಂಜಾನೆ ಬೇಗನೆ ಹೊರಡುವುದು ಮೇಲು. ಕೋಟೆಯ ಗೋಡೆಯ ಮೇಲೆ ನೆರಳಿಲ್ಲ. ಬಿಸಿಲೇರಿದ ಮೇಲೆ ಕಲ್ಲು ಕಾಯುತ್ತದೆ. ಕುಡಿಯುವ ನೀರು, ತಲೆಗೊಂದು ಟೋಪಿ ಅಥವಾ ವಸ್ತ್ರ, ಬೇಗನೆ ಬಿಚ್ಚಿ ತೊಡಬಹುದಾದ ಪಾದರಕ್ಷೆ, ಒಂದು ಪುಟ್ಟ ಪುಸ್ತಕ ಮತ್ತು ಪೆನ್ಸಿಲು ಇಷ್ಟಿದ್ದರೆ ಸಾಕು. ದ್ವೀಪದ ಸ್ಥೂಲ ನಕಾಶೆಯೊಂದನ್ನು ಹಿಂದಿನ ದಿನವೇ ಬರೆದುಕೊಂಡರೆ ಇನ್ನೂ ಒಳ್ಳೆಯದು. ಪಶ್ಚಿಮಕ್ಕೆ ಕೋಟೆ, ನಡುವೆ ತೋಟ ಮತ್ತು ಗಂಜಾಂ, ಪೂರ್ವದ ತುದಿಗೆ ಸಂಗಮ: ಈ ಮೂರನ್ನು ನೆನಪಿನಲ್ಲಿಟ್ಟುಕೊಂಡವನು ದಾರಿ ತಪ್ಪುವುದಿಲ್ಲ.

ನೋಡಲು ಆರಂಭಿಸತಕ್ಕ ಸ್ಥಳವೆಂದರೆ ಪೂರ್ವದ ಬೆಂಗಳೂರು ಬಾಗಿಲು. ಬಾಗಿಲನ್ನು ಹೊಕ್ಕೊಡನೆ ಮುಂದಕ್ಕೆ ಓಡದೆ, ಒಂದು ಕ್ಷಣ ನಿಂತು ಹಿಂದಿರುಗಿ ನೋಡಬೇಕು. ಕಂದಕ ಎಲ್ಲಿದೆ, ಗೋಡೆ ಎಷ್ಟು ದಪ್ಪವಾಗಿದೆ, ಒಂದರ ಹಿಂದೆ ಇನ್ನೊಂದು ಗೋಡೆ ಏಕೆ ಎಂಬ ಪ್ರಶ್ನೆಗಳನ್ನು ಕೇಳಿಕೊಂಡರೆ ಕಲ್ಲುಗಳೇ ಉತ್ತರ ಹೇಳುತ್ತವೆ. ಬಾಗಿಲಿನ ಸಮೀಪದಲ್ಲಿಯೇ ಎರಡು ಎತ್ತರವಾದ ಮಿನಾರುಗಳ ಜಾಮಿಯಾ ಮಸೀದಿಯಿದೆ. ಇದು ಟಿಪ್ಪುವಿನ ಕಾಲದ ಕಟ್ಟಡ. ಇದು ಪ್ರಾರ್ಥನೆ ನಡೆಯುವ ಸ್ಥಳವಾದ್ದರಿಂದ ಪಾದರಕ್ಷೆ ಕಳಚಿ, ದನಿ ತಗ್ಗಿಸಿ ಹೋಗಬೇಕು. ಶುಕ್ರವಾರ ಮಧ್ಯಾಹ್ನದ ಪ್ರಾರ್ಥನೆಯ ಹೊತ್ತನ್ನು ಬಿಟ್ಟು ಬೇರೆ ವೇಳೆಯಲ್ಲಿ ಹೋಗುವುದು ಉಚಿತ.

ಅಲ್ಲಿಂದ ಉತ್ತರದ ಗೋಡೆಯ ಕಡೆಗೆ ತಿರುಗಬೇಕು. ಟಿಪ್ಪುವಿನ ದೇಹ ದೊರೆತ ಸ್ಥಳವನ್ನು ಒಂದು ಕಲ್ಲು ಸೂಚಿಸುತ್ತದೆ. ಹೊಳೆಯ ಕಡೆಗೆ ತೆರೆಯುವ ವಾಟರ್ ಗೇಟೂ ಇದೇ ಭಾಗದಲ್ಲಿದೆ. ಗೋಡೆಯ ತಗ್ಗಿನಲ್ಲಿರುವ ಕರ್ನಲ್ ಬೇಲಿಯ ಸೆರೆಮನೆ ಇಟ್ಟಿಗೆ ಮತ್ತು ಗಾರೆಯ ಕಮಾನುಗಳ ಕಟ್ಟಡ. ಸೆರೆಯಾಳುಗಳನ್ನು ಕಟ್ಟುತ್ತಿದ್ದ ರಂಧ್ರವುಳ್ಳ ಕಲ್ಲುಗಳು ಇಂದಿಗೂ ಅದರ ಗೋಡೆಗಳಲ್ಲಿವೆ. ಬೇಲಿಯು 1780ರಲ್ಲಿ ಪೊಳ್ಳಿಲೂರಿನ ಯುದ್ಧದಲ್ಲಿ ಸೆರೆಸಿಕ್ಕ ಇಂಗ್ಲಿಷ್ ಅಧಿಕಾರಿ. ಅವನು 1782ರಲ್ಲಿ ಶ್ರೀರಂಗಪಟ್ಟಣದಲ್ಲಿಯೇ ತೀರಿಕೊಂಡನು. ಈ ಹೆಸರನ್ನು ಮರೆಯದಿರಬೇಕು. ಮಧ್ಯಾಹ್ನದ ಹೊತ್ತಿಗೆ ಇವನು ಇನ್ನೊಂದು ಕಡೆ, ಇನ್ನೊಂದು ರೂಪದಲ್ಲಿ ಕಾಣಿಸಿಕೊಳ್ಳುತ್ತಾನೆ.

ಗೋಡೆಯನ್ನೇ ಅನುಸರಿಸಿ ವಾಯವ್ಯದ ಮೂಲೆಗೆ ಹೋದರೆ ಒಂದು ಸ್ಮಾರಕ ಸ್ತಂಭ ಸಿಗುತ್ತದೆ. ಮೈಸೂರು ಸರಕಾರವು 1907ರಲ್ಲಿ ಇದನ್ನು ನಿಲ್ಲಿಸಿತು. 1799ರ ಮೇ 4ರಂದು ಇಂಗ್ಲಿಷರ ಸೈನ್ಯವು ಗೋಡೆಯನ್ನು ಒಡೆದು ನುಗ್ಗಿದ್ದು ಈ ಭಾಗದಲ್ಲಿ. ಬಂದವರಲ್ಲಿ ಬಹುಮಂದಿ ಇದರ ಮುಂದೆ ಫೋಟೋ ತೆಗೆದುಕೊಂಡು ಹಿಂದಿರುಗುತ್ತಾರೆ. ಇಲ್ಲಿ ನೋಡಬೇಕಾದುದು ಸ್ತಂಭಕ್ಕಿಂತ ಮಿಗಿಲಾಗಿ ಅದರಾಚೆಯ ಹೊಳೆ. ಮಳೆಗಾಲದಲ್ಲಿ ತುಂಬಿ ಹರಿಯುವ ಕಾವೇರಿಯೇ ಈ ಕೋಟೆಯ ಮೊದಲನೆಯ ಗೋಡೆ. ಬೇಸಗೆಯಲ್ಲಿ ನೀರು ಇಳಿದು ಬಂಡೆಗಳು ಮೇಲೇಳುತ್ತವೆ. ಮಳೆ ಬಂದು ಹೊಳೆ ಏರುವುದರೊಳಗೆ ಕೆಲಸ ಮುಗಿಸಬೇಕೆಂದು ಮುತ್ತಿಗೆ ಹಾಕಿದವರು ಅವಸರ ಮಾಡಿದರು. ಮೇ ತಿಂಗಳ ಆ ಮಧ್ಯಾಹ್ನ ಸೈನಿಕರು ಹೊಳೆಯನ್ನು ಕಾಲುನಡಿಗೆಯಲ್ಲೇ ದಾಟಿದರು. 1932ರಲ್ಲಿ ಮುಗಿದ ಕೃಷ್ಣರಾಜಸಾಗರದ ಕಟ್ಟೆಯು ಇಂದು ಮೇಲ್ಭಾಗದಲ್ಲಿ ಹೊಳೆಯನ್ನು ಹಿಡಿದಿಟ್ಟಿದೆ. ಆದುದರಿಂದ ನಾವು ಕಾಣುವ ನೀರು ಅಂದಿನ ನೀರಲ್ಲ. ಆದರೂ ಇಲ್ಲಿ ಐದು ನಿಮಿಷ ನಿಂತವನಿಗೆ ಪುಸ್ತಕದ ಒಂದು ಪುಟ ಸುಲಭವಾಗಿ ಅರ್ಥವಾಗುತ್ತದೆ.

ಬಳಿಕ ರಂಗನಾಥನ ಗುಡಿ. ಆದಿಶೇಷನ ಮೇಲೆ ಪವಡಿಸಿದ ಈ ದೇವರನ್ನು ಆದಿರಂಗನೆಂದೂ, ಶಿವನಸಮುದ್ರದವನನ್ನು ಮಧ್ಯರಂಗನೆಂದೂ, ತಮಿಳುನಾಡಿನ ಶ್ರೀರಂಗದವನನ್ನು ಅಂತ್ಯರಂಗನೆಂದೂ ಭಕ್ತರು ಕರೆಯುತ್ತಾರೆ. ಮಧ್ಯಾಹ್ನ ಗುಡಿಯ ಬಾಗಿಲು ಮುಚ್ಚಿ ಸಂಜೆ ತೆರೆಯುವುದು ರೂಢಿ. ಆದುದರಿಂದ 12 ಗಂಟೆಯೊಳಗೆ ಇಲ್ಲಿಗೆ ತಲುಪುವಂತೆ ನಡಿಗೆಯನ್ನು ಹೊಂದಿಸಿಕೊಳ್ಳಬೇಕು. ಗುಡಿಯ ಸಮೀಪದ ಬಯಲಿನಲ್ಲಿ ಟಿಪ್ಪುವಿನ ಅರಮನೆಯಾದ ಲಾಲ್ ಮಹಲಿನ ತಳಪಾಯದ ಗುರುತುಗಳಿವೆ. ಕಂಠೀರವ ನರಸರಾಜ ಒಡೆಯರು ಕಟ್ಟಿಸಿದ ನರಸಿಂಹ ದೇವಾಲಯವೂ ದೂರವಿಲ್ಲ. ಅಲ್ಲಿ ಆ ಅರಸರ ಶಿಲಾಪ್ರತಿಮೆಯಿದೆ.

ಕೋಟೆಯ ನಡುವೆ ರೈಲು ಹಳಿ ಹಾದುಹೋಗಿರುವುದನ್ನು ಕಂಡು ಹಲವರು ಬೆರಗಾಗುತ್ತಾರೆ. ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಈ ಹಳಿಯನ್ನು ಹಾಕಿದಾಗ ಹಳೆಯ ಗೋಡೆ ಉಳಿಯಬೇಕೆಂಬ ಚಿಂತೆ ಹೆಚ್ಚಾಗಿ ಇರಲಿಲ್ಲ. ಮುಂದೆ ಜೋಡಿಹಳಿ ಹಾಕುವ ಕಾಲ ಬಂದಾಗ, ಟಿಪ್ಪುವಿನ ಕಾಲದ ಮದ್ದಿನಮನೆಯೊಂದು ಹಳಿಗೆ ಅಡ್ಡವಾಗಿತ್ತು. ಈ ಸಲ ಅದನ್ನು ಒಡೆಯಲಿಲ್ಲ. 2017ರಲ್ಲಿ ಆ ಕಟ್ಟಡವನ್ನು ಬುಡಸಹಿತ ಎತ್ತಿ, ಇಡಿಯಾಗಿ ನೂರಕ್ಕೂ ಹೆಚ್ಚು ಮೀಟರ್ ದೂರಕ್ಕೆ ಸರಿಸಿ ನಿಲ್ಲಿಸಿದರು. ಈ ಎರಡು ಕಾಲಗಳ ನಡುವೆ ಹಳೆಯದನ್ನು ಕುರಿತ ನಮ್ಮ ತಿಳಿವು ಎಷ್ಟು ಬದಲಾಯಿತೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಊಟವಾದ ಮೇಲೆ ಕೋಟೆಯ ಹೊರಗೆ ಪೂರ್ವಕ್ಕೆ ಹೋಗಬೇಕು. ಇಲ್ಲಿಂದ ಮುಂದೆ ಸ್ಥಳಗಳು ದೂರದೂರವಾಗಿರುವುದರಿಂದ ಆಟೋರಿಕ್ಷಾ ಅಥವಾ ತಾವು ಬಂದ ವಾಹನವನ್ನು ಬಳಸಬಹುದು. ಬಾಡಿಗೆಯನ್ನು ಹತ್ತುವ ಮೊದಲೇ ಮಾತನಾಡಿಕೊಳ್ಳುವುದು ಜಾಣತನ. 1784ರಲ್ಲಿ ಕಟ್ಟಿಸಿದ ದರಿಯಾ ದೌಲತ್ ಅರಮನೆಯ ಪಶ್ಚಿಮದ ಗೋಡೆಯಲ್ಲಿ ಪೊಳ್ಳಿಲೂರಿನ ಯುದ್ಧದ ವರ್ಣಚಿತ್ರವಿದೆ. ಬೆಳಗ್ಗೆ ಸೆರೆಮನೆಯಲ್ಲಿ ಹೆಸರು ಕೇಳಿದ ಬೇಲಿಯು ಇಲ್ಲಿ ಪಲ್ಲಕ್ಕಿಯಲ್ಲಿ ಕುಳಿತಿದ್ದಾನೆ. ಮೊದಲು ಸೆರೆಮನೆ, ಆಮೇಲೆ ಚಿತ್ರ ಎಂಬ ಕ್ರಮದಲ್ಲಿ ನೋಡಿದವನಿಗೆ ಈ ಗೋಡೆ ಬರಿಯ ಬಣ್ಣವಾಗಿ ಕಾಣುವುದಿಲ್ಲ. ಚಿತ್ರಗಳನ್ನು ಮುಟ್ಟಬಾರದು. ಕೈಬೆವರು ಬಣ್ಣವನ್ನು ತಿನ್ನುತ್ತದೆ. ಫೋಟೋ ತೆಗೆಯುವ ಮುನ್ನ ಅಲ್ಲಿನ ಸಿಬ್ಬಂದಿಯನ್ನು ಕೇಳಬೇಕು.

ಮುಂದೆ ಗಂಜಾಂ. ತುಮಕೂರು ಜಿಲ್ಲೆಯ ವಿದ್ಯಾರ್ಥಿಗಳು ಇಲ್ಲಿ ವಾಹನದಿಂದಿಳಿದು ನಾಲ್ಕು ಹೆಜ್ಜೆ ನಡೆಯಲೇಬೇಕು. ನಮ್ಮ ಶಿರಾ ಒಂದು ಕಾಲಕ್ಕೆ ಮೊಗಲರ ಸುಬಾದ ರಾಜಧಾನಿಯಾಗಿ ಮೆರೆದ ಪಟ್ಟಣ. ಅಲ್ಲಿಂದ 12,000 ಸಂಸಾರಗಳನ್ನು ಬಲವಂತವಾಗಿ ಎಬ್ಬಿಸಿ ತಂದು ಟಿಪ್ಪು ಗಂಜಾಮಿನಲ್ಲಿ ನೆಲೆಗೊಳಿಸಿದನೆಂದು ಹಳೆಯ ಗೆಜೆಟಿಯರುಗಳು ಹೇಳುತ್ತವೆ. ರಾಜಧಾನಿ ಬೆಳೆಯಿತು, ಶಿರಾ ಸೊರಗಿತು. ಮನೆಯ ಬೀಗ ಹಾಕಿ, ಮಗ್ಗವನ್ನೋ ತಕ್ಕಡಿಯನ್ನೋ ಗಾಡಿಗೆ ಹೇರಿ, ಮಕ್ಕಳ ಕೈಹಿಡಿದು ಬಂದ ಆ ಜನರ ಹೆಸರು ಯಾವ ಸ್ತಂಭದ ಮೇಲೂ ಇಲ್ಲ. ಅರಸರ ಚರಿತ್ರೆಯನ್ನು ಓದುವಾಗ ಇಂತಹವರನ್ನೂ ನೆನೆಯುವುದು ನ್ಯಾಯ.

ದ್ವೀಪದ ಪೂರ್ವಭಾಗದಲ್ಲಿ ಹೈದರಾಲಿ ಮತ್ತು ಟಿಪ್ಪು ಮಲಗಿರುವ ಗುಂಬಜ್ ಇದೆ. ಅದರಾಚೆ ಕಾವೇರಿಯ ಎರಡು ಕವಲುಗಳು ಕೂಡುವ ಸಂಗಮ. ಇಲ್ಲಿ ದೊಡ್ಡವರ ಮಾತನ್ನು ಮೀರಬಾರದು. ಮೇಲೆ ಶಾಂತವಾಗಿ ಕಾಣುವ ನೀರಿನ ಅಡಿಯಲ್ಲಿ ಸೆಳವು, ಸುಳಿ, ಜಾರುವ ಬಂಡೆಗಳಿವೆ. ಮೆಟ್ಟಿಲ ಮೇಲೆ ನಿಂತು ನೋಡುವುದೇ ಕ್ಷೇಮ, ಈಜಲು ಇಳಿಯಕೂಡದು.

ಇಷ್ಟು ನೋಡಿದರೆ ಒಂದು ದಿನ ತುಂಬುತ್ತದೆ. ಆದರೆ ನೋಡುವ ಕ್ರಮದಷ್ಟೇ ನಡೆದುಕೊಳ್ಳುವ ಕ್ರಮವೂ ಮುಖ್ಯ. ಕೋಟೆಯೊಳಗಿನ ಬೀದಿಯಲ್ಲಿ ರಂಗೋಲಿಯಿರುತ್ತದೆ, ಒಣಹಾಕಿದ ಹಪ್ಪಳವಿರುತ್ತದೆ, ಜಗುಲಿಯ ಮೇಲೆ ವಯಸ್ಸಾದವರು ಕುಳಿತಿರುತ್ತಾರೆ. ಅದು ನಾಲ್ಕು ಜನರ ಸಂಸಾರ ನಡೆಯುವ ತಾಣ. ಅಲ್ಲಿ ಕೂಗಾಡುವುದು, ತಿಂದ ಪೊಟ್ಟಣವನ್ನು ಎಸೆಯುವುದು, ಕೇಳದೆ ಅವರ ಚಿತ್ರ ತೆಗೆಯುವುದು ಅತಿಥಿಗೆ ಒಪ್ಪುವ ನಡತೆಯಲ್ಲ. “ಅಜ್ಜಾ, ಹೊಳೆಗೆ ಯಾವ ಕಡೆ ಹೋಗಬೇಕು?” ಎಂದು ವಿನಯದಿಂದ ಕೇಳಿದರೆ ದಾರಿಯೊಂದಿಗೆ ಒಂದು ಕತೆಯೂ ದೊರೆತೀತು.

ಇನ್ನು ಗೋಡೆಯ ಮಾತು. ಕಲ್ಲುಗಳ ಸಂದಿಯಲ್ಲಿ ಬೇರೂರಿದ ಗಿಡಗಳಿಂದ, ಮಳೆಯಿಂದ ಈ ಗೋಡೆ ಕೆಲವೆಡೆ ಕುಸಿದಿದೆ. ಅದರ ಮೇಲೆ ಹೆಸರು ಕೆತ್ತುವವರು, ಸಡಿಲವಾದ ಕಲ್ಲನ್ನು ಹತ್ತಿ ಜಾರಿಸುವವರು ಉಳಿದ ಕೆಲಸವನ್ನು ಮುಗಿಸುತ್ತಾರೆ. 1958ರ ಪ್ರಾಚೀನ ಸ್ಮಾರಕಗಳ ಕಾಯಿದೆಯಂತೆ ಸಂರಕ್ಷಿತ ಸ್ಮಾರಕವನ್ನು ಕೆಡಿಸುವುದು ಶಿಕ್ಷಾರ್ಹ ಅಪರಾಧ. ಆದರೆ ಪ್ರತಿಯೊಂದು ಕಲ್ಲಿನ ಬಳಿಯೂ ಒಬ್ಬ ಕಾವಲುಗಾರನನ್ನು ನಿಲ್ಲಿಸಲು ಯಾವ ಸರಕಾರದಿಂದಲೂ ಆಗದು. ಹಿಂದೆ ಹೇಳಿದ ಕಾರ್ಕಸೋನ್ ಕೋಟೆಯನ್ನು 1850ರ ಸುಮಾರಿಗೆ ಕೆಡವಿಹಾಕಲು ಅಲ್ಲಿನ ಸರಕಾರ ತೀರ್ಮಾನಿಸಿತ್ತು. ಊರವರೂ ವಿದ್ವಾಂಸರೂ ಪ್ರತಿಭಟಿಸಿದ್ದರಿಂದ ಅದು ಉಳಿಯಿತು; 1853ರಿಂದ ಅದರ ಜೀರ್ಣೋದ್ಧಾರ ಆರಂಭವಾಯಿತು. 1997ರಲ್ಲಿ ಅದು ವಿಶ್ವ ಪರಂಪರೆಯ ತಾಣವೆನಿಸಿತು. ಕೋಟೆ ಉಳಿದುದು ಅದರ ಕಲ್ಲಿನ ಬಲದಿಂದಲ್ಲ, ಜನರ ಮನಸ್ಸಿನ ಬಲದಿಂದ.

ಒಂದು ಕಾಲದಲ್ಲಿ ಗೋಡೆಯು ಜನರನ್ನು ಕಾಯುತ್ತಿತ್ತು. ಈಗ ಜನರು ಗೋಡೆಯನ್ನು ಕಾಯಬೇಕಾದ ಕಾಲ ಬಂದಿದೆ. ಒಂದು ದಿನದ ಮಟ್ಟಿಗೆ ಅಲ್ಲಿಗೆ ಹೋಗಿಬರುವ ವಿದ್ಯಾರ್ಥಿಯೂ ಆ ಒಂದು ದಿನದ ಮಟ್ಟಿಗೆ ಕಾವಲುಗಾರನೇ.