ಹಳೆಯ ಕಾರಿಗೆ ಹೊಸ ಮೈಬಣ್ಣ

ಇಪ್ಪತ್ತು ಮೂವತ್ತು ವರ್ಷ ಬಿಸಿಲು ಕಂಡ ಕಾರನ್ನು ನೋಡಿ ‘ಇದರ ಬಣ್ಣ ಹೋಗಿದೆ’ ಎನ್ನುವುದುಂಟು. ಭೌತವಿಜ್ಞಾನದ ದೃಷ್ಟಿಯಿಂದ ಈ ಮಾತು ಅರ್ಧ ಮಾತ್ರ ನಿಜ. ಮಂಕಾದ ಕೆಂಪು ಕಾರಿನ ಮೇಲೆ ಒಂದು ಚೊಂಬು ನೀರು ಸುರಿಯಿರಿ. ನೀರು ಹರಿದಲ್ಲೆಲ್ಲ ಹಳೆಯ ಗಾಢವಾದ ಕೆಂಪು ಕ್ಷಣಕಾಲ ಮರಳಿ ಬರುತ್ತದೆ. ಒಣಗಿದೊಡನೆ ಮತ್ತೆ ಮಂಕು. ಬಣ್ಣದ ಕಣಗಳು ಬಹುಮಟ್ಟಿಗೆ ಇದ್ದಲ್ಲಿಯೇ ಇವೆ. ಹೋದದ್ದು ಮೇಲ್ಮೈಯ ನುಣುಪು. ಬೆಳಕಿನ ತರಂಗದೂರ ಸುಮಾರು ಅರ್ಧ ಮೈಕ್ರಾನ್, ಎಂದರೆ ಒಂದು ಮಿಲಿಮೀಟರಿನ ಎರಡು ಸಾವಿರದಲ್ಲೊಂದು ಪಾಲು. ಮೇಲ್ಮೈಯ ಉಬ್ಬುತಗ್ಗುಗಳು ಇದಕ್ಕಿಂತ ಬಹಳ ಕಿರಿದಾಗಿದ್ದರೆ, ನೇರವಾಗಿ ಬಿದ್ದ ಬೆಳಕಿನಲ್ಲಿ ನೂರಕ್ಕೆ ನಾಲ್ಕು ಪಾಲು ಕನ್ನಡಿಯಿಂದೆಂಬಂತೆ ಒಂದೇ ದಿಕ್ಕಿಗೆ ಪ್ರತಿಫಲಿಸುತ್ತದೆ. ಉಳಿದದ್ದು ಒಳಹೊಕ್ಕು ಬಣ್ಣದ ಕಣಗಳನ್ನು ಮುಟ್ಟಿ ಹಿಂತಿರುಗುತ್ತದೆ. ಉಬ್ಬುತಗ್ಗು ದೊಡ್ಡದಾದರೆ ಆ ನಾಲ್ಕು ಪಾಲು ಬಿಳಿಯ ಬೆಳಕು ಎಲ್ಲ ಕಡೆಗೂ ಚೆದರಿ, ಹಾಲು ಬೆರೆಸಿದಂತೆ ಬಣ್ಣವನ್ನು ತಿಳಿಯಾಗಿಸಿಬಿಡುತ್ತದೆ.

ರೋಣ, ನರಗುಂದ, ಗಜೇಂದ್ರಗಡದ ಎರೆನಾಡಿನಲ್ಲಿ ಈ ನುಣುಪಿಗೆ ಶತ್ರುಗಳು ಹೆಚ್ಚು. ಬಿಸಿಲಿನ ನೇರಳಾತೀತ ಕಿರಣಗಳು ಬಣ್ಣದ ರಾಳವನ್ನು ಒಡೆಯುತ್ತವೆ. ಧೂಳಿನಲ್ಲಿ ಬೆಣಚುಕಲ್ಲಿನ ಸೂಕ್ಷ್ಮ ಕಣಗಳಿರುತ್ತವೆ. ಅವು ಯಾವ ಬಣ್ಣಕ್ಕಿಂತಲೂ ಕಠಿನವಾದುವು. ಬೆಳಿಗ್ಗೆ ಎದ್ದು ಒಣಬಟ್ಟೆಯಿಂದ ಕಾರನ್ನು ಒರೆಸುವ ಶ್ರದ್ಧಾವಂತರು ವಾಸ್ತವವಾಗಿ ಅದನ್ನು ಎಮರಿ ಕಾಗದದಿಂದ ಉಜ್ಜುತ್ತಿದ್ದಾರೆಂದೇ ಹೇಳಬೇಕು.

ಇಲ್ಲಿ ಟ್ರ್ಯಾಕ್ಟರುಗಳಿಗೇನೂ ಕೊರತೆಯಿಲ್ಲ. ಆದರೆ ಎರಡೇ ಆಸನಗಳ ಸ್ಪೋರ್ಟ್ಸ್ ಕಾರು ಅಪರೂಪ. ಆದರೂ ಅಂಥ ಕಾರೊಂದನ್ನು ನಮ್ಮ ನಾಡಿನ ಸಂಸ್ಥೆಯೇ ಹೊರತಂದಿತ್ತೆಂಬುದನ್ನು ಮರೆಯಬಾರದು. ಬೆಂಗಳೂರಿನ ಸ್ಯಾನ್ ಸಂಸ್ಥೆಯ ‘ಸ್ಟಾರ್ಮ್’ 1998ರಲ್ಲಿ ಬಂದಿತು. ಅದಕ್ಕೆ ಸುಮಾರು 1.2 ಲೀಟರಿನ ರೆನೋ ಎಂಜಿನ್, ಗಾಜಿನ ಎಳೆಗಳನ್ನು ರಾಳದಲ್ಲಿ ಹುದುಗಿಸಿದ ಫೈಬರ್‌ಗ್ಲಾಸ್ ಮೈ. ಅದರ ತಯಾರಿಕೆ ನಿಂತುಹೋಗಿದೆ. ಇಂದು ಯಾರ ಬಳಿಯಾದರೂ ಅದು ಉಳಿದಿದ್ದರೆ, ಬಣ್ಣದ ಪ್ರಶ್ನೆ ಏಳುವ ವಯಸ್ಸು ಅದಕ್ಕೆ ಬಂದಿದೆ.

ಉಕ್ಕಿನ ಕಾರಾದರೆ ಮೊದಲ ಪರೀಕ್ಷೆ ಅಯಸ್ಕಾಂತದ್ದು. ಕಾರ್ಖಾನೆಯಲ್ಲಿ ಬಳಿದ ಪದರಗಳೆಲ್ಲ ಸೇರಿದರೂ ಸಾಮಾನ್ಯವಾಗಿ 100ರಿಂದ 150 ಮೈಕ್ರಾನ್ ದಪ್ಪ. ಅಯಸ್ಕಾಂತ ಗಟ್ಟಿಯಾಗಿ ಹಿಡಿಯುತ್ತದೆ. ಹಿಡಿತ ಸಡಿಲವಾದಲ್ಲಿ ಒಳಗೆ ಪುಟ್ಟಿ ದಪ್ಪವಾಗಿ ಕುಳಿತಿದೆಯೆಂದೇ ತಿಳಿಯಬೇಕು. ಪುಟ್ಟಿಯ ಅಡಿಯಲ್ಲಿ ತುಕ್ಕಿದ್ದರೆ ಮೇಲೆ ಎಷ್ಟು ಚೆಲುವಾದ ಬಣ್ಣ ಬಳಿದರೂ ವ್ಯರ್ಥ. ಕಬ್ಬಿಣ ತುಕ್ಕಾಗುವಾಗ ಅದರ ಗಾತ್ರ ಹಲವು ಪಟ್ಟು ಹಿಗ್ಗಿ ಬಣ್ಣವನ್ನು ಒಳಗಿನಿಂದಲೇ ಎಬ್ಬಿಸುತ್ತದೆ. ಹೊಳೆಯುವ ಲೋಹ ಕಾಣುವವರೆಗೆ ಉಜ್ಜಿ, ಅಂದೇ ಪ್ರೈಮರ್ ಬಳಿಯುವುದೊಂದೇ ದಾರಿ. ಫೈಬರ್‌ಗ್ಲಾಸಿಗೆ ತುಕ್ಕಿಲ್ಲ, ಅಯಸ್ಕಾಂತವೂ ಅಂಟುವುದಿಲ್ಲ. ಅಲ್ಲಿ ಹುಡುಕಬೇಕಾದದ್ದು ಜೇಡನ ಬಲೆಯಂಥ ಕೂದಲೆಳೆಯ ಬಿರುಕುಗಳನ್ನು. ಅವುಗಳನ್ನು ಬುಡದವರೆಗೆ ತೋಡಿ ತುಂಬದಿದ್ದರೆ ಹೊಸ ಬಣ್ಣದಲ್ಲಿಯೂ ಅವೇ ಗೆರೆಗಳು ಮೂಡುತ್ತವೆ.

ಎರಡನೆಯ ಪರೀಕ್ಷೆ ಥಿನ್ನರಿನದು. ಅಮೆರಿಕದ ಡ್ಯುಪಾಂಟ್ ಸಂಸ್ಥೆ 1923ರಲ್ಲಿ ‘ಡ್ಯೂಕೊ’ ಎಂಬ ನೈಟ್ರೊಸೆಲ್ಯುಲೋಸ್ ಬಣ್ಣವನ್ನು ಹೊರತಂದಾಗ, ವಾರಗಟ್ಟಲೆ ಹಿಡಿಯುತ್ತಿದ್ದ ಬಳಿಯುವ ಕೆಲಸ ಬಹಳ ಬೇಗ ಮುಗಿಯುವಂತಾಯಿತು. ಆ ಹೆಸರು ನಮ್ಮ ಗ್ಯಾರೇಜುಗಳಲ್ಲಿ ಇಂದಿಗೂ ಉಳಿದಿದೆ. ಯಾವ ಬಣ್ಣವಾದರೂ ಅದು ‘ಡ್ಯೂಕೊ’ವೇ! ಥಿನ್ನರ್ ಅದ್ದಿದ ಹತ್ತಿಯಿಂದ ಮರೆಯಾದ ಮೂಲೆಯೊಂದನ್ನು ಉಜ್ಜಿ ನೋಡಿ. ನಿಜವಾದ ಡ್ಯೂಕೊ ಜಾತಿಯ ಬಣ್ಣ ಕರಗಿ ಹತ್ತಿಗೆ ಹತ್ತುತ್ತದೆ. ಹಾರ್ಡನರ್ ಬೆರೆಸಿದ ಇಂದಿನ ಬಣ್ಣದಲ್ಲಿ ಅಣುಗಳು ಒಂದಕ್ಕೊಂದು ಹೆಣೆದು ಜಾಲವಾಗಿರುವುದರಿಂದ ಅದು ಕರಗುವುದಿಲ್ಲ. ಕರಗುವ ಹಳೆಯ ಪದರದ ಮೇಲೆ ತೀಕ್ಷ್ಣ ದ್ರಾವಕದ ಹೊಸ ಬಣ್ಣ ಬಿದ್ದರೆ ಕೆಳಗಿನದು ಸುಕ್ಕುಗಟ್ಟಿ ಏಳುವ ಭಯವಿದೆ. ಹಳೆಯ ಹಳದಿ, ಕಿತ್ತಳೆ ಬಣ್ಣಗಳಲ್ಲಿ ಸೀಸವಿರಬಹುದು. ಆದ್ದರಿಂದ ಅವನ್ನು ನೀರು ಹಾಕಿ ಉಜ್ಜುವುದೇ ಲೇಸು. ಪುಟ್ಟಿಯನ್ನು ಮಾತ್ರ ಒಣದಾಗಿಯೇ ಉಜ್ಜಬೇಕು, ಅದು ನೀರನ್ನು ಹೀರುತ್ತದೆ.

ಇನ್ನು ಗನ್ ಹಿಡಿಯುವ ಘಟ್ಟ. ನನ್ನ ಮಟ್ಟಿಗೆ ಅತ್ಯಂತ ಸ್ವಾರಸ್ಯಕರವಾದ ಭೌತವಿಜ್ಞಾನವಿರುವುದು ಇಲ್ಲಿಯೇ. ಬಣ್ಣ ಹನಿಹನಿಯಾಗಿ ಬಿದ್ದು ಕಿತ್ತಳೆಯ ಸಿಪ್ಪೆಯಂತೆ ಏರುಪೇರಾಗಿರುತ್ತದೆ. ಮೇಲ್ಮೈ ಎಳೆತ ಅದನ್ನು ಸಮಮಾಡಲು ಯತ್ನಿಸುತ್ತದೆ, ಬಣ್ಣದ ಸ್ನಿಗ್ಧತೆ ತಡೆಯುತ್ತದೆ. ಸಮವಾಗಲು ಬೇಕಾದ ಕಾಲವು ಉಬ್ಬುಗಳ ನಡುವಣ ಅಂತರದ ನಾಲ್ಕನೆಯ ಘಾತವನ್ನು ಅವಲಂಬಿಸಿದೆ. ಒಂದು ಮಿಲಿಮೀಟರ್ ಅಂತರದ ಏರಿಳಿತ ಅಳಿಯಲು ಒಂದು ಸೆಕೆಂಡು ಸಾಕಾದರೆ, ನಾಲ್ಕು ಮಿಲಿಮೀಟರಿನದಕ್ಕೆ 256 ಸೆಕೆಂಡು ಬೇಕು! ಅಷ್ಟರಲ್ಲಿ ಬಣ್ಣ ಬಿಗಿದಿರುತ್ತದೆ. ಪದರದ ದಪ್ಪ ಇಮ್ಮಡಿಯಾದರೆ ಎಂಟು ಪಟ್ಟು ಬೇಗ ಸಮವಾಗುತ್ತದೆ, ನಿಜ. ಆದರೆ ನಿಂತ ಬಾಗಿಲಿನ ಮೇಲೆ ಅದೇ ದಪ್ಪ ಪದರದ ಹೊರಮೈ ನಾಲ್ಕು ಪಟ್ಟು ವೇಗದಿಂದ ಕೆಳಗೆ ಜಾರಿ ಕಣ್ಣೀರಿನಂತೆ ಇಳಿಯುತ್ತದೆ. ಈ ಎರಡರ ನಡುವಿನ ಇಕ್ಕಟ್ಟಾದ ದಾರಿಯಲ್ಲಿ ಒಳ್ಳೆಯ ಕಸುಬುದಾರನ ಕೈ ಯಾವ ಸೂತ್ರವನ್ನೂ ಓದದೆ ಸರಾಗವಾಗಿ ಸಾಗುತ್ತದೆ.

ಹವೆಯೂ ಈ ಆಟದಲ್ಲಿ ಪಾಲುದಾರ. ಏಪ್ರಿಲಿನ ಮಧ್ಯಾಹ್ನ ಸಿಂಪಡಿಸಿದರೆ ಹನಿಗಳಲ್ಲಿನ ಥಿನ್ನರ್ ದಾರಿಯಲ್ಲಿಯೇ ಆರಿ, ತಗಡಿನ ಮೇಲೆ ಬೀಳುವುದು ಒರಟು ಪುಡಿ. ಮಳೆಗಾಲದಲ್ಲಿ ಡ್ಯೂಕೊ ಜಾತಿಯ ಬಣ್ಣಕ್ಕೆ ಬೇರೆಯೇ ಪೀಡೆ: ಬೇಸಗೆಯಲ್ಲಿ ಹರವಿಯ ನೀರು ತಣ್ಣಗಾಗುವಂತೆ, ಥಿನ್ನರ್ ಆವಿಯಾಗುತ್ತ ಮೇಲ್ಮೈಯನ್ನು ತಂಪುಮಾಡುತ್ತದೆ, ಗಾಳಿಯ ತೇವ ಅಲ್ಲಿ ಇಬ್ಬನಿಯಾಗಿ ಕೂತು ಬಣ್ಣ ಹಾಲುಗಟ್ಟುತ್ತದೆ. ಗಜೇಂದ್ರಗಡದ ಗುಡ್ಡಗಳ ಮೇಲಿನ ವಿದ್ಯುತ್ ಯಂತ್ರಗಳನ್ನು ತಿರುಗಿಸುವ ಗಾಳಿ ಬಣ್ಣದವನಿಗೆ ಧೂಳನ್ನೇ ತರುತ್ತದೆ. ದೀಪಾವಳಿಯ ಅನಂತರದ ದಿನಗಳಲ್ಲಿ, ಇಬ್ಬನಿ ಆರಿದ ಮೇಲೆ, ನೆಲಕ್ಕೆ ನೀರು ಚಿಮುಕಿಸಿದ ಮುಚ್ಚಿದ ಕೊಠಡಿಯಲ್ಲಿ ಈ ಕೆಲಸ ಮಾಡಿಸುವುದು ನಮ್ಮ ಸೀಮೆಗೆ ಒಗ್ಗುತ್ತದೆ.

ಆದರೆ ಮುಚ್ಚಿದ ಕೊಠಡಿಯೆಂದೊಡನೆ ಗಂಭೀರವಾದ ಮಾತೊಂದು ಬರುತ್ತದೆ. ಹಾರ್ಡನರಿನಲ್ಲಿರುವ ಐಸೊಸಯನೇಟುಗಳು ಶ್ವಾಸಕೋಶವನ್ನು ಕೆರಳಿಸಿ ಉಬ್ಬಸ ತರಬಲ್ಲವು. ದೇಹಕ್ಕೆ ಒಮ್ಮೆ ಅದರ ಒಗ್ಗದಿಕೆ ಅಂಟಿದರೆ, ಮುಂದೆ ಅತ್ಯಲ್ಪ ಪ್ರಮಾಣವೂ ಉಸಿರು ಕಟ್ಟಿಸಬಹುದು. ಆ ಮನುಷ್ಯ ಕಸುಬನ್ನೇ ಬಿಡಬೇಕಾಗುತ್ತದೆ. ಮೂಗಿಗೆ ಕಟ್ಟಿದ ಕರವಸ್ತ್ರ ಇದನ್ನು ತಡೆಯಲಾರದು. ಹೊರಗಿನ ಶುದ್ಧ ಗಾಳಿಯನ್ನು ಕೊಳವೆಯ ಮೂಲಕ ಒದಗಿಸುವ ಮುಖಕವಚ ಬೇಕು. ಕೊಠಡಿಯ ಗಾಳಿಯನ್ನು ಸೋಸಿ ಹೊರದೂಡುವ ಪಂಖವೂ ಬೇಕು. ಇವುಗಳ ಖರ್ಚನ್ನು ಸೇರಿಸಿ ದರ ಹೇಳುವ ಗ್ಯಾರೇಜು ದುಬಾರಿಯಾಗಿ ಕಂಡರೆ, ಅಗ್ಗದ ಗ್ಯಾರೇಜಿನಲ್ಲಿ ಆ ವ್ಯತ್ಯಾಸವನ್ನು ಗನ್ ಹಿಡಿದ ಹುಡುಗನ ಎದೆ ಭರಿಸುತ್ತಿರುತ್ತದೆ. ಕಾರಿನೊಡೆಯರು ವಿಚಾರಿಸಬೇಕಾದ ಮೊದಲ ಪ್ರಶ್ನೆ ಇದೇ ಎಂದು ನನ್ನ ಅಭಿಪ್ರಾಯ.

ಬಣ್ಣವನ್ನೇ ಬದಲಿಸುವ ಆಸೆಯುಳ್ಳವರು, ನೋಂದಣಿ ಪತ್ರದಲ್ಲಿ ಅದೂ ದಾಖಲಾಗಿರುತ್ತದೆಂಬುದನ್ನು ನೆನೆದು, ಗದಗಿನಲ್ಲಿ ನೋಂದಾಯಿಸಿದ ವಾಹನವಾದರೆ ಅಲ್ಲಿನ ಸಾರಿಗೆ ಕಚೇರಿಯನ್ನು ಮುಂಚೆಯೇ ಕಾಣಬೇಕು. ಹೊಸ ಬಣ್ಣ ಮುಟ್ಟಿದರೆ ಒಣಗಿದಂತೆ ತೋರಿದರೂ ಒಳಗಿನ ದ್ರಾವಕ ಹೊರಬರಲು ವಾರಗಳು ಬೇಕು. ಅಲ್ಲಿಯವರೆಗೆ ಮೇಣದ ಪಾಲಿಷ್ ಹಚ್ಚದಿರುವುದು ಒಳಿತು. ಎರೆಮಣ್ಣಿನ ಧೂಳು ಕೂತರೆ ಮೊದಲು ಧಾರಾಳವಾಗಿ ನೀರು ಹರಿಸಿ, ಮಣ್ಣು ತಾನಾಗಿ ಇಳಿದ ಮೇಲೆಯೇ ಒದ್ದೆಯ ಮೆತ್ತನೆಯ ಬಟ್ಟೆಯನ್ನು ಮುಟ್ಟಿಸಬೇಕು.