ಹತ್ತನೇ ದಿನದ ರಿಪೋರ್ಟ್

ಕಾಂಡೋಮ್ ಇಲ್ಲದೆ ಕಳೆದ ಒಂದು ರಾತ್ರಿಯ ನಂತರ, ಹತ್ತನೇ ದಿನಕ್ಕೇ ಎಚ್‌ಐವಿ ಪರೀಕ್ಷೆ ಮಾಡಿಸಿದ್ದೆ. 'ನಾನ್ ರಿಯಾಕ್ಟಿವ್' ಎಂದಿತ್ತು. ಕಾರಣ ಹೇಳದೆ ರೂಮ್‌ಮೇಟ್‌ಗೆ ಮಸಾಲೆ ದೋಸೆ ಕೊಡಿಸಿದೆ.

ಆದರೂ ಅನುಮಾನ ಬಿಡಲಿಲ್ಲ. ಜಿಲ್ಲಾಸ್ಪತ್ರೆಯ ಐಸಿಟಿಸಿ ಕೇಂದ್ರಕ್ಕೆ ಹೋದೆ. ಆಪ್ತ ಸಮಾಲೋಚಕರು ರಿಪೋರ್ಟ್ ನೋಡಿ, 'ತಪ್ಪಲ್ಲಪ್ಪ, ಆದರೆ ತೀರಾ ಬೇಗ ಆಯ್ತು' ಎಂದರು. ಆ ಪರೀಕ್ಷೆ ಹುಡುಕುವುದು ವೈರಸ್ಸನ್ನಲ್ಲ, ಅದರ ವಿರುದ್ಧ ದೇಹ ತಯಾರಿಸುವ ಪ್ರತಿಕಾಯಗಳನ್ನು. ಅವು ಪತ್ತೆಯಾಗುವಷ್ಟು ಬೆಳೆಯಲು ವಾರಗಳೇ ಬೇಕು. ಆ ನಡುವಿನ ಕಾಲವೇ 'ವಿಂಡೋ ಪೀರಿಯಡ್'. ಮೂರು ತಿಂಗಳು ತುಂಬಿದ ಮೇಲೂ ನೆಗೆಟಿವ್ ಬಂದರೆ ಅದೇ ಅಂತಿಮ. ನಡುವೆ ಮತ್ತೆ ಅಂಥ ಸಂಪರ್ಕ ಆಗಿರಬಾರದು, ಅಷ್ಟೇ. ವೈರಸ್ಸಿನ ಅಂಶವನ್ನೂ ಹುಡುಕುವ ನಾಲ್ಕನೇ ತಲೆಮಾರಿನ ಲ್ಯಾಬ್ ಪರೀಕ್ಷೆಯಾದರೆ 45 ದಿನ ಸಾಕಂತೆ.

'72 ಗಂಟೆಯೊಳಗೆ ಬಂದಿದ್ದರೆ ಸೋಂಕು ತಡೆಯಲು 28 ದಿನದ ಮಾತ್ರೆ ಇತ್ತಲ್ಲ' ಎಂದಾಗ ಹೊಟ್ಟೆ ಕಿವುಚಿತು. ಆ ಮೂರು ದಿನ ನಾನು ಮೊಬೈಲ್‌ನಲ್ಲಿ ರೋಗಲಕ್ಷಣ ಹುಡುಕುತ್ತಾ ಕೂತಿದ್ದೆ!

ಸೆಮಿಸ್ಟರ್ ಪರೀಕ್ಷೆಗೆ ಓದುತ್ತಲೇ ದಿನ ಎಣಿಸಿದೆ. ಸಮಾಲೋಚಕರು ಹೇಳಿದಂತೆ ಕಾಲೇಜಿನ ರಕ್ತದಾನ ಶಿಬಿರದಿಂದ ದೂರ ಉಳಿದೆ. 91ನೇ ದಿನ ಮತ್ತೆ ಹೋದೆ. ದುಡ್ಡು ಕೇಳಲಿಲ್ಲ, ಹೆಸರು ಕೂಗಲಿಲ್ಲ. ನೆಗೆಟಿವ್.

ಈ ಸಲ ದೋಸೆ ತಿನ್ನುವಾಗ ರೂಮ್‌ಮೇಟ್‌ಗೆ ಕಾರಣವನ್ನೂ ಹೇಳಿದೆ. ಅವನು ಸ್ವಲ್ಪ ಹೊತ್ತು ತಟ್ಟೆಯನ್ನೇ ನೋಡುತ್ತಿದ್ದು ಕೇಳಿದ: 'ಆ ಕೇಂದ್ರ ಎಷ್ಟು ಗಂಟೆಗೆ ತೆಗೀತಾರೆ?'